ಸೂರಕ್ಕಿಯ (ಸನ್‌ಬರ್ಡ್) ಫೋಟೊ ತೆಗೆಯಲು 55-250 ಎಂಎಂ ಜೂಮ್ ಲೆನ್ಸ್ ಸಾಕಾ?

ಸಾಕು, ಆದರೆ ಹಕ್ಕಿ ನಿಮ್ಮ ಅಂಗಳಕ್ಕೇ ಬರಬೇಕು. ಉಡುಪಿ ಇಂದ್ರಾಳಿಯ ನಮ್ಮ ಮನೆಯಲ್ಲಿ ಜಗಲಿಯಿಂದ ದಾಸವಾಳ ಗಿಡಕ್ಕೆ ಮೂರು ಮೀಟರ್ ಇರಬಹುದು. ಕ್ಯಾನನ್ 200ಡಿ ಕ್ಯಾಮೆರಾಕ್ಕೆ 55-250 ಐಎಸ್ ಎಸ್‌ಟಿಎಂ ಹಾಕಿಕೊಂಡು ಎರಡು ವರ್ಷದಿಂದ ಅಲ್ಲೇ ಕೂರುತ್ತಿದ್ದೇನೆ. ಈ ಲೆನ್ಸ್ ಬಂದದ್ದು 2013ರಲ್ಲಿ, ತೂಕ 375 ಗ್ರಾಂ, ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಚಹಾ ಕುಡಿಯಬಹುದು ಮಾರಾಯ್ರೆ.

ಸೂರಕ್ಕಿ ಅಂದರೆ ಬರೀ ಹತ್ತು ಸೆಂಟಿಮೀಟರ್. ಅಷ್ಟು ದೂರದಿಂದ ಅದು ಫ್ರೇಮಿನ ಅಗಲದ ಮೂರನೇ ಒಂದು ಭಾಗ ತುಂಬುತ್ತದೆ, ಸ್ವಲ್ಪ ಕ್ರಾಪ್ ಮಾಡಿದರೆ ಮುಗಿಯಿತು. ದಾಸವಾಳದ ಬಾಯಿಗೆ ಹೋಗದೆ ಬುಡಕ್ಕೇ ಕೊಕ್ಕು ಚುಚ್ಚಿ ಮಕರಂದ ಕದಿಯುತ್ತದಲ್ವಾ, ಆ ಕಳ್ಳತನ ಸ್ಪಷ್ಟವಾಗಿ ಸಿಕ್ಕಿದೆ. ಫೋಕಸ್ ಮೋಟಾರಿಗೆ ಸದ್ದೇ ಇಲ್ಲದಷ್ಟು ಮೆಲ್ಲಗಿನ ಸ್ವಭಾವ. ಗದ್ದೆಯಾಚೆಗಿನ ಹಕ್ಕಿಗೆ ಮಾತ್ರ ಇದನ್ನು ನಂಬಬೇಡಿ.

ಬೆಳಕೇ ತೊಂದರೆ. 250ರಲ್ಲಿ, ಅಂದರೆ ಪೂರ್ತಿ ಜೂಮಿನಲ್ಲಿ, ಅಪರ್ಚರ್ (ಬೆಳಕು ಬರುವ ಕಿಂಡಿ) ಎಫ್/5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಕ್ರೋಟನ್ ಗಿಡದೊಳಗೆ ಸಿಂಪಿಗ ಹಕ್ಕಿ ಹಾರಾಡುವಾಗ ಶಟರ್ 1/1000 ಸೆಕೆಂಡ್ ಇಟ್ಟರೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 3200 ದಾಟುತ್ತದೆ, ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ನಾಯ್ಸ್. ಅದಕ್ಕೇ ರಾದಲ್ಲೇ (ಕ್ಯಾಮೆರಾ ತಿದ್ದದ ಕಚ್ಚಾ ಫೈಲ್) ತೆಗೆಯುತ್ತೇನೆ, ಕ್ಯಾನನ್‌ನವರ ಡಿಪಿಪಿ ಸಾಫ್ಟ್‌ವೇರಿನಲ್ಲಿ ಎಡಿಟ್, ಪುಕ್ಕಟೆ. ಮೊದಮೊದಲು ನಾಯ್ಸ್ ರಿಡಕ್ಷನ್ ಪೂರ್ತಿ ಎಳೆದುಬಿಡುತ್ತಿದ್ದೆ, ಗರಿಯೆಲ್ಲ ಪ್ಲಾಸ್ಟಿಕ್ ಆಗಿ ಹಕ್ಕಿ ಜಾತ್ರೆಯ ಆಟಿಕೆ ಥರ ಕಾಣುತ್ತಿತ್ತು. ಈಗ ಸ್ವಲ್ಪ ರವೆ ಇರಲಿ ಅಂತ ಬಿಡುತ್ತೇನೆ. ತೆಂಗಿನ ನೆರಳಲ್ಲಿ ಸೂರಕ್ಕಿಯ ಹಳದಿ ಹೊಟ್ಟೆ ಹಸಿರಾಗಿ ಕಾಣುವುದನ್ನು ವೈಟ್ ಬ್ಯಾಲೆನ್ಸಿನಲ್ಲಿ ಸರಿ ಮಾಡುತ್ತೇನೆ. ಬಿಸಿಲಿದ್ದರೆ ಎಕ್ಸ್‌ಪೋಶರ್ (ಚಿತ್ರಕ್ಕೆ ಬೀಳುವ ಬೆಳಕು) ಅರ್ಧ ಸ್ಟಾಪ್ ಕಮ್ಮಿ, ಸುಟ್ಟುಹೋದ ಹಳದಿಯನ್ನು ಆಮೇಲೆ ಯಾರೂ ತಂದುಕೊಡುವುದಿಲ್ಲ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಟಾರ್ಚ್ ಹಿಡಿದುಕೊಂಡೇ ಹೋಗಿ. ನಾನು ಮೊದಲು ಸುಮ್ನೆ ನಂಬಿ ಒಬ್ಬರಿಂದ ಕೊಂಡದ್ದರ ಒಳಗೆ ಜೇಡರ ಬಲೆಯಂಥ ಫಂಗಸ್ ಇತ್ತು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಚಪ್ಪಲಿಗೇ ಬೂಸ್ಟು ಬರುತ್ತದೆ, ಗಾಜನ್ನು ಬಿಡುತ್ತದಾ? ಈಗಿನ ಲೆನ್ಸ್ ಗಾಳಿಯಾಡದ ಡಬ್ಬಿಯಲ್ಲಿ ನೀಲಿ ಸಿಲಿಕಾ ಜೆಲ್ ಜೊತೆ ಮಲಗುತ್ತದೆ. ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿ ಮಾಡಿ ಮತ್ತೆ ಹಾಕಬೇಕು. ಅದಕ್ಕೆ ಬೇರೆ ಬಾಣಲೆ ಇಟ್ಟುಕೊಳ್ಳಿ, ನಾನು ದೋಸೆ ಕಾವಲಿ ಮುಟ್ಟಿ ಬೈಸಿಕೊಂಡಿದ್ದೇನೆ.