ಸ್ವೀಟ್ ಹೋಮ್ 3ಡಿ: ಮನೆ ಪ್ಲಾನಿಗೆ ಕೆಲವು ವರ್ಷ ಬಳಸಿದವರ ಅನುಭವ

ಸ್ವೀಟ್ ಹೋಮ್ 3ಡಿ ಅಂದರೆ ಕಂಪ್ಯೂಟರಿನಲ್ಲಿ ಮನೆಯ ಪ್ಲಾನ್ ಬರೆದು, ಅದನ್ನು 3ಡಿಯಲ್ಲೂ ನೋಡಬಹುದಾದ ಸಾಫ್ಟ್‌ವೇರ್. 30×40 ಸೈಟಿನಲ್ಲಿ ಮನೆ ಕಟ್ಟಿಸುವವರಿಗೆ ಇದು ಸಾಕಾ ಅಂತ ಪರಿಚಯದವರು ಕೇಳುತ್ತಲೇ ಇರುತ್ತಾರೆ. ಮನೆಯವರೆಲ್ಲ ಕೂತು ಯೋಚನೆ ಮಾಡಲು ಧಾರಾಳವಾಗಿ ಸಾಕು. ಪಾಲಿಕೆಯಿಂದ ನಕ್ಷೆ ಸ್ಯಾಂಕ್ಷನ್ ಮಾಡಿಸಲು, ಕಾಲಮ್ಮು ಬೀಮಿನ ಲೆಕ್ಕಕ್ಕೆ ಸಾಲದು. ಇಷ್ಟು ತಿಳಿದು ಕೈ ಹಾಕಿದರೆ ಇದು ತುಂಬಾ ಉಪಕಾರ ಮಾಡುತ್ತದೆ. ಬೆಂಗಳೂರಿನ ಬನಶಂಕರಿ ಆರನೇ ಹಂತದ ನಮ್ಮ ಮನೆಗಾಗಿ ಇದನ್ನು ಬಳಸಲು ಶುರು ಮಾಡಿದೆ. ಆಮೇಲೆ ತಂಗಿಯ ಮನೆಯ ಮೊದಲ ಮಹಡಿ, ಜಯನಗರದ ಚಿಕ್ಕಪ್ಪನ ಹಳೇ ಮನೆಯ ರಿಪೇರಿ, ಜೊತೆಗೆ ಕೆಲಸ ಮಾಡುವವರ ಪ್ಲಾನುಗಳು ಅಂತ ಇವತ್ತಿಗೂ ಬಳಸುತ್ತಿದ್ದೇನೆ. ನಾನು ಎಂಜಿನಿಯರ್ ಅಲ್ಲ, ಬ್ಯಾಂಕ್ ಉದ್ಯೋಗಿ.

ದುಡ್ಡಿನ ಮಾತು ಮೊದಲು ಮುಗಿಸುತ್ತೇನೆ. ಇದು ಉಚಿತ, ಮುಕ್ತ ಸಾಫ್ಟ್‌ವೇರ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಆ್ಯಪ್ ಸ್ಟೋರ್‌ಗಳಲ್ಲಿ ದುಡ್ಡು ಕೊಟ್ಟು ಕೊಳ್ಳುವ ಆವೃತ್ತಿಯೂ ಇದೆ, ಅದರಲ್ಲಿ ಮಂಚ, ಸೋಫಾ ಇತ್ಯಾದಿಗಳ ಸಂಗ್ರಹ ಜಾಸ್ತಿ. ಪ್ಲಾನ್ ಹಾಕಲು ಉಚಿತದ್ದೇ ಸಾಕು.

ಎಲ್ಲಕ್ಕಿಂತ ಮೊದಲು ಅರ್ಥ ಮಾಡಿಕೊಳ್ಳಬೇಕಾದ್ದು ಗೋಡೆಯ ಲೆಕ್ಕ. ನಮ್ಮ ಮೊದಲ ಪ್ರಿಂಟ್ ನೋಡಿದ ಕೂಡಲೇ ಮೇಸ್ತ್ರಿ ಕೇಳಿದ ಪ್ರಶ್ನೆ ಇದು: "ಮೇಡಂ, ಈ ಹತ್ತಡಿ ಒಳಗಿಂದ ಒಳಗಾ, ಸೆಂಟರಿಂದ ಸೆಂಟರಾ?" ಈ ಸಾಫ್ಟ್‌ವೇರ್‌ನಲ್ಲಿ ಗೋಡೆ ಎಳೆಯುವಾಗ ನಾವು ಕೊಡುವ ಉದ್ದ ಗೋಡೆಯ ನಡುಗೆರೆಯದು. ದಪ್ಪ ಎರಡೂ ಕಡೆಗೆ ಅರ್ಧರ್ಧ ಹಂಚಿಕೊಳ್ಳುತ್ತದೆ. ಅಂದರೆ ಆರಿಂಚಿನ ಸಾಲಿಡ್ ಬ್ಲಾಕ್ ಗೋಡೆಗಳ ನಡುವೆ ಹತ್ತಡಿ ಅಂತ ಬರೆದರೆ ಒಳಗೆ ಸಿಗುವುದು ಒಂಬತ್ತೂವರೆ ಅಡಿ. ಎರಡೂ ಕಡೆ ಅರ್ಧರ್ಧ ಇಂಚು ಪ್ಲಾಸ್ಟರಿಂಗ್ ಕಳೆದರೆ 9 ಅಡಿ 5 ಇಂಚು. ಆ ಕೋಣೆಯಲ್ಲಿ ಆರಡಿ ಅಗಲದ ಮಂಚವನ್ನು ಒಂದು ಗೋಡೆಗೆ ಒತ್ತಿಸಿ, ಎದುರು ಗೋಡೆಗೆ ಎರಡಡಿ ಆಳದ ವಾರ್ಡ್‌ರೋಬ್ ಇಟ್ಟರೆ ನಡುವೆ ಉಳಿಯುವುದು 1 ಅಡಿ 5 ಇಂಚು. ಒಂದೂವರೆ ಅಡಿಯ ವಾರ್ಡ್‌ರೋಬ್ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಕಾಗದದ ಮೇಲೆ "10×12 ಬೆಡ್‌ರೂಮ್" ಅಂತ ಓದಿದರೆ ಇದು ಹೊಳೆಯುವುದೇ ಇಲ್ಲ. ಪರದೆ ಮೇಲೆ ಮಂಚ, ವಾರ್ಡ್‌ರೋಬ್ ಇಟ್ಟ ಮೇಲೆ ಮನೆಯಲ್ಲಿ ಎಲ್ಲರಿಗೂ ಒಂದೇ ಸಲ ಕಾಣಿಸುತ್ತದೆ.

ಅದಕ್ಕೇ ನಾನು ಹೊರಗೋಡೆಯ ದಪ್ಪವನ್ನು ಪ್ಲಾಸ್ಟರಿಂಗ್ ಸೇರಿಸಿ ಏಳಿಂಚು ಅಂತಲೇ ಕೊಡುತ್ತೇನೆ. ರೂಮ್ ಟೂಲ್ ಹಿಡಿದು ಗೋಡೆಗಳ ನಡುವೆ ಡಬಲ್ ಕ್ಲಿಕ್ ಮಾಡಿದರೆ ಒಳಗಿನ ನೆಲದ ವಿಸ್ತೀರ್ಣ ತಾನೇ ಬರುತ್ತದೆ. ಕಾಂಟ್ರಾಕ್ಟರ್ ಚದರದ (ನೂರು ಚದರಡಿಯ) ಲೆಕ್ಕದಲ್ಲಿ ರೇಟ್ ಹೇಳುತ್ತಾರೆ, ಅದರಲ್ಲಿ ಗೋಡೆಯೂ ಸೇರಿರುತ್ತದೆ. ನಾವು ಓಡಾಡುವ ಜಾಗ ಎಷ್ಟು ಅಂತ ಪಕ್ಕದಲ್ಲೇ ಇಟ್ಟು ನೋಡಲು ಈ ಅಂಕಿ ತುಂಬಾ ಮುಖ್ಯ.

ಅಳತೆಯ ಇನ್ನೊಂದು ತೊಡಕು ಚುಕ್ಕಿಯದು. ಅಡಿ-ಇಂಚು ಇಟ್ಟುಕೊಳ್ಳಬಹುದು, ದಶಮಾಂಶದ ಅಡಿಯನ್ನೂ ಇಟ್ಟುಕೊಳ್ಳಬಹುದು. ದಶಮಾಂಶದಲ್ಲಿ 10.5 ಅಂದರೆ ಹತ್ತಡಿ ಆರಿಂಚು. ಸೈಟಿನಲ್ಲಿ ಅದನ್ನು ಹತ್ತಡಿ ಐದಿಂಚು ಅಂತ ಓದುವವರು ಇದ್ದಾರೆ. ಹಾಗಾಗಿ ಅಡಿ-ಇಂಚನ್ನೇ ಆರಿಸಿಕೊಳ್ಳಿ.

ಸಹಾಯ ಎಲ್ಲಿ ಸಿಗುತ್ತದೆ ಅನ್ನುವುದಕ್ಕೆ ಬರುತ್ತೇನೆ. ಮೊದಲ ಸಲ ಗೋಡೆ ಎಳೆಯಲು ಹೋದಾಗ ಸಾಫ್ಟ್‌ವೇರ್ ತಾನೇ ಒಂದು ಸಣ್ಣ ಸೂಚನೆ ತೋರಿಸುತ್ತದೆ. ಹೆಚ್ಚಿನವರು ಅದನ್ನು ಓದದೆ ಮುಚ್ಚಿಬಿಡುತ್ತಾರೆ. ದಯವಿಟ್ಟು ಓದಿ. ಎಳೆಯುವಾಗ ಎಂಟರ್ ಒತ್ತಿದರೆ ಉದ್ದವನ್ನು ಟೈಪ್ ಮಾಡಬಹುದು, ಗೋಡೆ 15 ಡಿಗ್ರಿಯ ಹಂತದಲ್ಲಿ ತಾನೇ ತಿರುಗುತ್ತದೆ, ಡಬಲ್ ಕ್ಲಿಕ್ ಮಾಡಿದರೆ ನಿಲ್ಲುತ್ತದೆ. ಇವಿಷ್ಟು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ. ಈಗಾಗಲೇ ಕೈಯಲ್ಲಿ ಬರೆದ ಪ್ಲಾನ್ ಇದ್ದರೆ ಅದರ ಫೋಟೋವನ್ನು ಹಿನ್ನೆಲೆಗೆ ಹಾಕಿ, ಗೊತ್ತಿರುವ ಒಂದು ಗೋಡೆಯ ಉದ್ದ ಹೇಳಿದರೆ ಇಡೀ ಚಿತ್ರ ಅಳತೆಗೆ ಕೂರುತ್ತದೆ. ಮೇಲೆ ಗೆರೆ ಎಳೆಯುತ್ತಾ ಹೋದರಾಯಿತು. ಜಯನಗರದ ಚಿಕ್ಕಪ್ಪನ ಹಳೇ ಮನೆಯ ಪ್ಲಾನನ್ನು ಹೀಗೇ ಹೊಸದಾಗಿ ಬರೆದದ್ದು.

ಇನ್ನು ಜನರ ಸಹಾಯ. ಆನ್‌ಲೈನ್‌ನಲ್ಲಿ ದುಡ್ಡು ತಗೊಂಡು ಪ್ಲಾನ್ ಮಾಡಿಕೊಡುವ ಒಂದು ಸೇವೆಯನ್ನೂ ನಾವು ಬಳಸಿ ನೋಡಿದೆವು. ಬಂದ ಚಿತ್ರ ಬಹಳ ಚೆನ್ನಾಗಿತ್ತು. ದಕ್ಷಿಣದ ಕಿಟಕಿಯಿಂದ ಅಡುಗೆಮನೆಗೆ ಬಿಸಿಲು ಸುರಿಯುತ್ತಿತ್ತು. ಆದರೆ ನಮ್ಮ ದಕ್ಷಿಣಕ್ಕೆ ಪಕ್ಕದವರ ಮೂರಂತಸ್ತಿನ ಮನೆ ಇದೆ. ಪಕ್ಕದಲ್ಲಿ ಏನಿದೆ ಅಂತ ಅವರು ಒಂದು ಮಾತು ಕೇಳಿರಲಿಲ್ಲ. ಇದು ನನಗೆ ಇಂದಿಗೂ ಬೇಸರದ ವಿಷಯ. ಖಾಲಿ ಬಯಲಿನಲ್ಲಿ ಮನೆ ಕೂರಿಸಿ ಬೆಳಕು ತೋರಿಸಿದರೆ ಬೆಂಗಳೂರಿನ ಲೇಔಟ್‌ನಲ್ಲಿ ಅದಕ್ಕೆ ಏನು ಬೆಲೆ ಹೇಳಿ?

ಅವತ್ತಿನಿಂದ ನಾನು ಯಾವುದೇ ಪ್ಲಾನ್ ಶುರು ಮಾಡುವಾಗಲೂ ಮೊದಲು ಪಕ್ಕದ ಮನೆಗಳನ್ನು ಬರೆಯುತ್ತೇನೆ. ಸುಮ್ನೆ ನಾಲ್ಕು ಗೋಡೆ, ಮೂವತ್ತಡಿ ಎತ್ತರ, ಸಾಕು. ಆಮೇಲೆ ಪ್ಲಾನಿನ ಮೇಲಿರುವ ದಿಕ್ಸೂಚಿಯಲ್ಲಿ ಉತ್ತರ ಸರಿಮಾಡಿ, ಬೆಂಗಳೂರಿನ ಅಕ್ಷಾಂಶ 12.97, ರೇಖಾಂಶ 77.59 ಕೊಡುತ್ತೇನೆ. ದಿನಾಂಕ, ಗಂಟೆ ಕೊಟ್ಟು ಸಾಫ್ಟ್‌ವೇರ್‌ನಲ್ಲೇ 3ಡಿ ಮನೆಯ ಫೋಟೋ ತೆಗೆದರೆ ಆ ಹೊತ್ತಿನ ನೆರಳು ಎಲ್ಲಿ ಬೀಳುತ್ತದೆ ಅಂತ ಕಾಣುತ್ತದೆ. ನಮ್ಮೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಶೂನ್ಯ ನೆರಳಿನ ದಿನ ಅಂತ ಮಕ್ಕಳೆಲ್ಲ ಬಾಟಲಿ ನಿಲ್ಲಿಸಿ ನೋಡುತ್ತಾರಲ್ಲ, ಅದೇ. ಆ ಎರಡು ದಿನಗಳ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಬಿಸಿಲು ಉತ್ತರದ ಕಡೆಯಿಂದ ಬರುತ್ತದೆ. ಡಿಸೆಂಬರಿನಲ್ಲಿ ದಕ್ಷಿಣದಿಂದ ಓರೆಯಾಗಿ ಬರುತ್ತದೆ. ಪಕ್ಕದವರ ಗೋಡೆ ಮೂರಡಿ ದೂರದಲ್ಲಿದ್ದರೆ ಡಿಸೆಂಬರಿನ ಆ ಬಿಸಿಲು ನಮ್ಮ ನೆಲಮಹಡಿಗೆ ತಲುಪುವುದೇ ಇಲ್ಲ. ಇದು ಕಂಡ ಮೇಲೆ ಅಡುಗೆಮನೆ ಕಿಟಕಿಯನ್ನು ಪೂರ್ವಕ್ಕೆ, ರಸ್ತೆ ಕಡೆಗೆ ತಿರುಗಿಸಿದೆವು. ಅಡುಗೆಮನೆ ಆಗ್ನೇಯದಲ್ಲೇ ಉಳಿಯಿತು, ಅಮ್ಮನಿಗೂ ಸಮಾಧಾನ ಆಯಿತು. ಒಳ್ಳೇ ಗುಣಮಟ್ಟದ ಫೋಟೋಗೆ ಹಳೇ ಲ್ಯಾಪ್‌ಟಾಪ್ ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ನೆರಳು ನೋಡಲು ಕಡಿಮೆ ಗುಣಮಟ್ಟದ್ದೇ ಸಾಕು.

ಅಡುಗೆ ಕಟ್ಟೆಯ ವಿಷಯವನ್ನೂ ಇಲ್ಲಿ ಹೇಳಬೇಕು. ಸಂಗ್ರಹದಲ್ಲಿರುವ ಅಡುಗೆಮನೆ ಸಾಮಾನು ನಮ್ಮ ಮನೆಗಳ ಥರ ಇಲ್ಲ. ಗ್ರಾನೈಟ್ ಕಟ್ಟೆ, ವೆಟ್ ಗ್ರೈಂಡರ್ ಇಡುವ ಜಾಗ, ಯುಟಿಲಿಟಿಯಲ್ಲಿ ಬಟ್ಟೆ ಒಗೆಯುವ ಕಲ್ಲು ಎಲ್ಲವನ್ನೂ ನಾನು 'ಬಾಕ್ಸ್' ಅನ್ನುವ ವಸ್ತುವಿನಿಂದಲೇ ಮಾಡಿಕೊಳ್ಳುತ್ತೇನೆ. ಅದಕ್ಕೆ ಉದ್ದ, ಅಗಲ, ಎತ್ತರ, ನೆಲದಿಂದ ಎಷ್ಟು ಮೇಲೆ ಅಂತ ಕೊಟ್ಟರೆ ಏನು ಬೇಕಾದರೂ ಆಗುತ್ತದೆ. ಕಟ್ಟೆ 34 ಇಂಚು ಅಂತ ಬರೆದಿದ್ದೆ. ಅಮ್ಮ ಪರದೆ ನೋಡಿ, "ನನಗೆ ಇದು ಎತ್ತರ ಆಗತ್ತೆ ಕಣೇ, ಈಗಿರೋದನ್ನ ಅಳತೆ ಮಾಡು" ಅಂದರು. ಬಾಡಿಗೆ ಮನೆಯ ಕಟ್ಟೆಗೆ ಟೇಪ್ ಹಿಡಿದರೆ 32 ಇಂಚು. ಅದನ್ನೇ ಇಟ್ಟೆವು.

ಮೆಟ್ಟಿಲಿನ ವಿಷಯದಲ್ಲಿ ಮಾತ್ರ ಯಾರದಾದರೂ ಸಹಾಯ ಬೇಕೇ ಬೇಕು. ಸಿದ್ಧವಾಗಿ ಸಿಗುವ ಮೆಟ್ಟಿಲನ್ನು ಎಳೆದು ದೊಡ್ಡದು ಚಿಕ್ಕದು ಮಾಡಬಹುದು, ಆದರೆ ಮೆಟ್ಟಿಲುಗಳ ಸಂಖ್ಯೆ ಬದಲಾಗುವುದಿಲ್ಲ. ಚಿತ್ರದಲ್ಲಿ ಜಾಗಕ್ಕೆ ಕೂತಿತು ಅಂತ ನಂಬಿದರೆ, ಕಟ್ಟುವಾಗ ಒಂದೊಂದು ಮೆಟ್ಟಿಲೂ ಒಂಬತ್ತಿಂಚು ಎತ್ತರ ಆಗಿಬಿಡಬಹುದು. ನನಗೆ ಲೆಕ್ಕ ಹೇಳಿಕೊಟ್ಟವರು ಪಕ್ಕದ ಬೀದಿಯಲ್ಲಿ ಕಟ್ಟಡದ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಒಬ್ಬರು. ನೆಲದಿಂದ ನೆಲಕ್ಕೆ ಹತ್ತಡಿ, ಅಂದರೆ 120 ಇಂಚು. 18 ಏರು ಇಟ್ಟರೆ ಒಂದೊಂದೂ ಆರೂಮುಕ್ಕಾಲು ಇಂಚಿಗೆ ತುಸು ಕಡಿಮೆ. ಎರಡು ಸಾಲು ಮಾಡಿದರೆ ಸಾಲಿಗೆ ಒಂಬತ್ತು ಏರು, ಎಂಟು ಕಾಲಿಡುವ ಜಾಗ. ಕಾಲಿಡಲು ಹತ್ತಿಂಚು ಅಂದರೆ 80 ಇಂಚು, ಅದಕ್ಕೆ ಮೂರಡಿ ಲ್ಯಾಂಡಿಂಗ್ (ಮೆಟ್ಟಿಲು ತಿರುಗುವ ಕಡೆಯ ಸಮತಟ್ಟು ಜಾಗ) ಸೇರಿಸಿದರೆ ಒಟ್ಟು 9 ಅಡಿ 8 ಇಂಚು. ಅಗಲ ಮೂರು ಮೂರು ಅಡಿ, ನಡುವೆ ಅರ್ಧ ಅಡಿ. ಹೆಚ್ಚುಕಡಿಮೆ 63 ಚದರಡಿ ಮೆಟ್ಟಿಲಿಗೇ ಹೋಯಿತು! 30×40ರಲ್ಲಿ ಇದು ಸಣ್ಣ ಜಾಗವಲ್ಲ. ಈಗ ನಾನು ಈ ಅಳತೆಯಲ್ಲಿ ಬಾಕ್ಸ್‌ಗಳನ್ನು ಒಂದರ ಮೇಲೊಂದು ಜೋಡಿಸಿ ಮೆಟ್ಟಿಲು ಮಾಡಿ, ಕೋಣೆಗಳಿಗಿಂತ ಮೊದಲೇ ಅದರ ಜಾಗ ಗುರುತಿಸುತ್ತೇನೆ.

ಆ ಡ್ರಾಫ್ಟ್ಸ್‌ಮನ್ ಬಳಿ ಸಹಾಯ ಕೇಳಿ ಕಲಿತ ಇನ್ನೊಂದು ಸಂಗತಿ ಇದೆ. "ಪ್ಲಾನ್ ಹೇಗಿದೆ ನೋಡಿ" ಅಂತ ಫೋಟೋ ಕಳಿಸಿದರೆ "ಚೆನ್ನಾಗಿದೆ" ಅನ್ನುವ ಉತ್ತರ ಬರುತ್ತದೆ. ಮೂಲ ಫೈಲ್ ಕಳಿಸಿ, "ಲ್ಯಾಂಡಿಂಗ್ ಕೆಳಗೆ ಟಾಯ್ಲೆಟ್ ಇಟ್ಟರೆ ತಲೆ ತಾಗುತ್ತಾ?" ಅಂತ ಒಂದೇ ಪ್ರಶ್ನೆ ಕೇಳಿದರೆ ಅಳತೆ ಸಮೇತ ಉತ್ತರ ಬರುತ್ತದೆ. ಲ್ಯಾಂಡಿಂಗ್ ಐದಡಿ ಎತ್ತರದಲ್ಲಿದೆ, ತಾಗುತ್ತದೆ. ನೆಲ ತಗ್ಗಿಸದೆ ಆಗುವುದಿಲ್ಲ ಅಂದರು. ಬೇಡ ಅಂತ ಬಿಟ್ಟೆವು. ಇಂಥವರ ಸಮಯಕ್ಕೆ ದುಡ್ಡು ಕೊಡಬೇಕು. ಪುಕ್ಕಟೆ ಕೇಳುವುದು ಸರಿಯಲ್ಲ ಅಂತ ನನಗೆ ಬಲವಾಗಿ ಅನಿಸುತ್ತದೆ.

ಮೇಸ್ತ್ರಿ ಕೈಗೆ ಲ್ಯಾಪ್‌ಟಾಪ್ ಕೊಡಲಾಗುವುದಿಲ್ಲ, ಪ್ರಿಂಟ್ ಬೇಕು. ಪೇಜ್ ಸೆಟಪ್‌ನಲ್ಲಿ ಸ್ಕೇಲ್ 1:48 ಇಡಿ. ಕಾಲಿಂಚಿಗೆ ಒಂದಡಿ. ಇಡೀ 30×40 ಸೈಟು ಏಳೂವರೆ ಇಂಚು, ಹತ್ತಿಂಚು ಆಗಿ ಮಾಮೂಲಿ ಎ4 ಹಾಳೆಯಲ್ಲೇ ಕೂರುತ್ತದೆ. ಶಾಲೆಯ ಸ್ಕೇಲ್ ಇಟ್ಟು ಯಾರು ಬೇಕಾದರೂ ಅಳೆಯಬಹುದು. ಪ್ರಿಂಟ್ ಅಂಗಡಿಯವರಿಗೆ "ಫಿಟ್ ಟು ಪೇಜ್ ಬೇಡ" ಅಂತ ಹೇಳಲೇಬೇಕು, ಇಲ್ಲದಿದ್ದರೆ ಸ್ಕೇಲ್ ಕೆಡುತ್ತದೆ.

ಸಂಪ್, ಅಂದರೆ ನೆಲದಡಿಯ ನೀರಿನ ತೊಟ್ಟಿಯ ಬಗ್ಗೆ ಚಿಕ್ಕದಾಗಿ. ನೆಲಕ್ಕಿಂತ ಕೆಳಗೆ ಒಂದು ಮಹಡಿ ಸೇರಿಸಿ ಅದನ್ನೂ ಬರೆಯಬಹುದು. 8×6 ಅಡಿ, ಆರಡಿ ಆಳ ಅಂದರೆ 288 ಘನ ಅಡಿ, ಸುಮಾರು 8,150 ಲೀಟರ್. 8,000 ಲೀಟರಿನ ಟ್ಯಾಂಕರ್ ಬಂದರೆ ಇದಕ್ಕೆ ಪೂರ್ತಿ ಹಿಡಿಸುವುದಿಲ್ಲ, ಏಕೆಂದರೆ ಮೇಲೆ ಸ್ವಲ್ಪ ಖಾಲಿ ಬಿಡಬೇಕು, ತಳದಲ್ಲಿ ನೀರು ಇದ್ದೇ ಇರುತ್ತದೆ. ನಾವು ಉದ್ದವನ್ನು ಒಂದಡಿ ಜಾಸ್ತಿ ಮಾಡಿಸಿದೆವು. 30×40ರ ಹೊಸ ಮನೆಗೆ ಮಳೆನೀರು ಕೊಯ್ಲು ಕಡ್ಡಾಯ, ಅದರ ಗುಂಡಿ ಎಲ್ಲಿ ಅಂತಲೂ ಇದರಲ್ಲೇ ಗುರುತಿಸಿ.

ಇದರಿಂದ ಆಗದ ಕೆಲಸಗಳನ್ನೂ ಸ್ಪಷ್ಟವಾಗಿ ಹೇಳುತ್ತೇನೆ. ಸೆಟ್‌ಬ್ಯಾಕ್ (ಮನೆಯ ಸುತ್ತ ಖಾಲಿ ಬಿಡಬೇಕಾದ ಜಾಗ) ಎಷ್ಟು ಬಿಡಬೇಕು ಅಂತ ಇದಕ್ಕೆ ಗೊತ್ತಿಲ್ಲ. ಕಾಲಮ್ ಎಲ್ಲಿ ಬರಬೇಕು, ಕಂಬಿ ಎಷ್ಟು ಬೇಕು ಅಂತ ಗೊತ್ತಿಲ್ಲ. ನೀವು ಬರೆದದ್ದು ಎಷ್ಟೇ ಚೆನ್ನಾಗಿದ್ದರೂ ಪಾಲಿಕೆಗೆ ನಕ್ಷೆ ಸಲ್ಲಿಸುವವರು ನೋಂದಾಯಿತ ಆರ್ಕಿಟೆಕ್ಟ್ ಅಥವಾ ಎಂಜಿನಿಯರ್. ಆನ್‌ಲೈನ್‌ನಲ್ಲೇ ನಕ್ಷೆಗೆ ಮಂಜೂರಾತಿ ಕೊಡಲು 2024ರಲ್ಲಿ ಬಂದ 'ನಂಬಿಕೆ ನಕ್ಷೆ' ಯೋಜನೆಯಲ್ಲೂ ಹೀಗೇ. ಅವರು ಆಟೋಕ್ಯಾಡ್‌ನಲ್ಲಿ ಮೊದಲಿನಿಂದ ಬರೆಯುತ್ತಾರೆ, ಅದು ಅವರ ಕೆಲಸ. ನಮ್ಮ ಎಂಜಿನಿಯರ್ ನಮ್ಮ ಪ್ರಿಂಟ್ ಮುಂದಿಟ್ಟುಕೊಂಡು, ಕಾರ್ ನಿಲ್ಲಿಸುವ ಜಾಗದ ನಟ್ಟನಡುವೆ ಒಂದು ಕಾಲಮ್ ಬರುತ್ತದೆ ಅಂತ ತೋರಿಸಿಕೊಟ್ಟರು. ಮೇಲಿನ ಬೆಡ್‌ರೂಮಿನ ಗೋಡೆಯನ್ನು ಎರಡಡಿ ಸರಿಸಿ ಅದನ್ನು ಸರಿಮಾಡಿಕೊಂಡೆವು. ಗುದ್ದಲಿ ಪೂಜೆಗೆ ಮೊದಲೇ ಈ ಮಾತು ಆಗಿದ್ದರಿಂದ ಒಂದು ಪೈಸೆ ಖರ್ಚಾಗಲಿಲ್ಲ.

ಹೊಸದಾಗಿ ಶುರು ಮಾಡುವವರು ಗೋಡೆ ಎಳೆಯುವ ಮೊದಲು ಪ್ರಿಫರೆನ್ಸಸ್ ತೆರೆದು ಮೂರು ಬದಲಾಯಿಸಿ: ಅಳತೆ ಅಡಿ-ಇಂಚು, ಗೋಡೆಯ ದಪ್ಪ ಏಳಿಂಚು, ಎತ್ತರ ಹತ್ತಡಿ. ಅದು ತಾನೇ ಇಡುವ ಎತ್ತರ 250 ಸೆಂಟಿಮೀಟರ್, ಎಂಟಡಿ ಚಿಲ್ಲರೆ. ಹಾಗೇ ಬಿಟ್ಟರೆ ಮೆಟ್ಟಿಲು, ಸಜ್ಜಾ, ಕಿಟಕಿ ಎಲ್ಲದರ ಲೆಕ್ಕವೂ ತಪ್ಪುತ್ತದೆ. ಒಳಗಿನ ನಾಲ್ಕಿಂಚಿನ ಗೋಡೆಗಳಿಗೆ ಆಮೇಲೆ ಒಂದೊಂದಾಗಿ ಐದಿಂಚು ಕೊಟ್ಟುಕೊಳ್ಳಿ.