ಮುಲುಂಡ್ ಪಶ್ಚಿಮದ ಚಿಕ್ಕ ಲ್ಯಾಬ್: ಮಲೇರಿಯಾ ಪರೀಕ್ಷೆಗೆ ನಾನು ಇಲ್ಲಿಗೇ ಕಳಿಸುತ್ತೇನೆ

ನನ್ನದು ಮುಂಬೈಯ ಮುಲುಂಡಿನಲ್ಲಿ ಸಣ್ಣ ಉಡುಪಿ ಹೋಟೆಲ್. ಕೆಲಸದ ಹುಡುಗರು ಕುಂದಾಪುರ, ಬೈಂದೂರು ಕಡೆಯವರು. ರಾತ್ರಿ ಹೋಟೆಲಲ್ಲೇ ಮಲಗುತ್ತಾರೆ. ಮಳೆಗಾಲ ಬಂತೆಂದರೆ ಯಾರಿಗಾದರೂ ಚಳಿಜ್ವರ ಬಂದೇ ಬರುತ್ತದೆ. ಮನೆಯವರು ನನ್ನನ್ನು ನಂಬಿ ಕಳಿಸಿದ ಮಕ್ಕಳು. ಅವರ ರಕ್ತ ಎಲ್ಲಿ ಪರೀಕ್ಷೆ ಮಾಡಿಸಬೇಕು ಅನ್ನೋದು ನನಗೆ ದೊಡ್ಡ ವಿಷಯ.

ಸ್ಟೇಷನ್ನಿನ ಪಶ್ಚಿಮಕ್ಕೆ, ಹಳೆ ಕಟ್ಟಡದ ಎರಡನೇ ಮಹಡಿಯಲ್ಲಿ ಈ ಲ್ಯಾಬ್ ಇದೆ. ಎಸಿ ಇಲ್ಲ, ಲಿಫ್ಟ್ ಇಲ್ಲ. ಆದರೆ ಡಾಕ್ಟರ್ ಮೇಡಂ ಸ್ವತಃ ಮೈಕ್ರೋಸ್ಕೋಪಿನ ಮುಂದೆ ಕೂರುತ್ತಾರೆ. ಒಂದು ಹನಿ ರಕ್ತ ಹಾಕಿ ಗೆರೆ ನೋಡುವ ಕಾರ್ಡ್ ಟೆಸ್ಟ್ ಮಾಡಿ ಮುಗಿಸುವುದಿಲ್ಲ. ಗಾಜಿನ ಮೇಲೆ ರಕ್ತದ ದಪ್ಪ ಲೇಪ, ತೆಳು ಲೇಪ ಎರಡೂ ಮಾಡುತ್ತಾರೆ. ದಪ್ಪದ್ದು ರೋಗಾಣು ಇದೆಯಾ ಎಂದು ಹುಡುಕಲು, ತೆಳುವಿನದು ಅದು ಯಾವ ಜಾತಿ ಎಂದು ಗುರುತಿಸಲು.

ಇಡ್ಲಿ ಹಂಡೆ ನೋಡಿಕೊಳ್ಳುವ ಹುಡುಗನಿಗೆ ಜ್ವರ ಬಂದಾಗ ಮೊದಲು ಬೇರೊಂದು ಕಡೆ ತೋರಿಸಿದ್ದೆವು. ಕಾರ್ಡ್ ನೆಗೆಟಿವ್. ಪ್ಲೇಟ್‌ಲೆಟ್ ಇಳಿದಿತ್ತು. ಎಲ್ಲರೂ ಡೆಂಗಿ ಅಂದರು. ಇಲ್ಲಿ ಮೇಡಂ, ಜ್ವರ ಯಾವ ಹೊತ್ತಿಗೆ ಏರುತ್ತದೆ ಎಂದು ಕೇಳಿದರು. ಒಂದು ದಿನ ಬಿಟ್ಟು ಒಂದು ದಿನ ಎಂದ. ಲೇಪದಲ್ಲಿ ವೈವ್ಯಾಕ್ಸ್ ಮಲೇರಿಯಾ ಸಿಕ್ಕಿತು.

ಆಮೇಲೆ ಅವರು ಹೇಳಿದ್ದನ್ನು ನಾನು ಇವತ್ತಿಗೂ ಹುಡುಗರಿಗೆ ಹೇಳುತ್ತೇನೆ. ರೋಗಾಣು ಕೆಂಪು ರಕ್ತಕಣದ ಒಳಗೆ ಬೆಳೆಯುತ್ತದೆ. ಬೇರೆ ಜೀವಕೋಶದೊಳಗೆ ವೈರಿ ಹೊಕ್ಕರೆ ಅದರ ಗುರುತು ಹೊರಮೈಯಲ್ಲಿ ಕಾಣುತ್ತದೆ, ರಕ್ಷಣಾ ಕಣಗಳು ಬಂದು ಕೊಲ್ಲುತ್ತವೆ. ಕೆಂಪು ಕಣಕ್ಕೆ ಹಾಗೆ ತೋರಿಸುವ ಏರ್ಪಾಡೇ ಇಲ್ಲ. ಸುಮಾರು 48 ಗಂಟೆಗೊಮ್ಮೆ ಆ ಕಣಗಳು ಒಡೆದು ಮರಿಗಳೂ ಕಸವೂ ರಕ್ತಕ್ಕೆ ಬೀಳುತ್ತವೆ. ಆಗ ದೇಹ ಒಮ್ಮೆಲೇ ಎಚ್ಚೆತ್ತು ರಾಸಾಯನಿಕಗಳನ್ನು ಬಿಡುತ್ತದೆ. ಆ ಚಳಿ, ಆ ನಡುಕ ನಮ್ಮದೇ ದೇಹದ ಹೋರಾಟ. ಕೆಟ್ಟ ಕಣಗಳನ್ನು ಸೋಸಿ ಸೋಸಿ ಗುಲ್ಮ (ಸ್ಪ್ಲೀನ್) ಊದಿಕೊಳ್ಳುತ್ತದೆ. ಪ್ಲೇಟ್‌ಲೆಟ್ ಕೂಡ ಅಲ್ಲಿ ಸಿಕ್ಕಿಹಾಕಿಕೊಂಡು ಕಡಿಮೆಯಾಗುತ್ತದೆ. ಪ್ಲೇಟ್‌ಲೆಟ್ ಇಳಿದರೆ ಡೆಂಗಿಯೇ ಆಗಬೇಕೆಂದಿಲ್ಲ!

ವೈವ್ಯಾಕ್ಸ್ ಯಕೃತ್ತಿನಲ್ಲೂ ಅಡಗುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಸುಮ್ನೆ ಮಲಗಿರುತ್ತದೆ. ರಕ್ಷಣಾ ವ್ಯವಸ್ಥೆಗೂ ಸಿಗುವುದಿಲ್ಲ, ರಕ್ತದಲ್ಲಿನ ರೋಗಾಣು ಕೊಲ್ಲುವ ಕ್ಲೋರೋಕ್ವಿನ್ ಮಾತ್ರೆಗೂ ಬಗ್ಗುವುದಿಲ್ಲ. ಅದಕ್ಕೇ 14 ದಿನದ ಪ್ರೈಮಾಕ್ವಿನ್ ಮಾತ್ರೆ. ಆ ಹುಡುಗನಿಗೆ ಹಿಂದಿನ ವರ್ಷ ಊರಲ್ಲೂ ಮಲೇರಿಯಾ ಬಂದಿತ್ತಂತೆ. ಈ ಸಲ ಜ್ವರ ಬಿಟ್ಟ ಮೇಲೆ, 'ಯಜಮಾನ್ರೇ, ಇನ್ನು ಮಾತ್ರೆ ಸಾಕಲ್ವಾ?' ಎಂದ. ಸಾಲದು ಎಂದು ಕೊನೆಯ ದಿನದ ತನಕ ನನ್ನ ಕೈಯಿಂದಲೇ ಕೊಟ್ಟೆ. ಪ್ರೈಮಾಕ್ವಿನ್‌ಗೆ ಮೊದಲು ಜಿ6ಪಿಡಿ ಎಂಬ ಕಿಣ್ವದ ಟೆಸ್ಟ್ ಮಾಡಿಸಿ ಎಂದು ನೆನಪಿಸಿದ್ದೂ ಇದೇ ಮೇಡಂ. ಆ ಕಿಣ್ವ ಕಡಿಮೆ ಇದ್ದವರಿಗೆ ಈ ಮಾತ್ರೆ ಕೆಂಪು ಕಣಗಳನ್ನೇ ಒಡೆಯುತ್ತದೆ. ಪರೀಕ್ಷೆ ಇಲ್ಲೇ ಆಗುತ್ತದೆ.

ಇನ್ನೊಬ್ಬನಿಗೆ ಫಾಲ್ಸಿಪಾರಮ್ ಎಂಬ ಬೇರೆ ಜಾತಿಯ ಮಲೇರಿಯಾ ಬಂತು. ಇದು ಜಾಸ್ತಿ ಅಪಾಯದ್ದು. ಸೋಂಕಿನ ಕಣಗಳು ಸಣ್ಣ ರಕ್ತನಾಳದ ಗೋಡೆಗೆ ಅಂಟಿಕೊಂಡು ಗುಲ್ಮದಿಂದ ತಪ್ಪಿಸಿಕೊಳ್ಳುತ್ತವಂತೆ. ಹಾಗಾಗಿ ಲೇಪದಲ್ಲಿ ಕಾಣುವಷ್ಟೇ ಮೈಯಲ್ಲಿ ಇದೆ ಎಂದು ನಂಬುವ ಹಾಗಿಲ್ಲ. ಅಂಟಿಕೊಳ್ಳುವ ಆ ಪ್ರೋಟೀನನ್ನೂ ಬದಲಿಸುತ್ತಲೇ ಇರುತ್ತದೆ. ಅದಕ್ಕೆಂದೇ ಅದರಲ್ಲಿ ಸುಮಾರು 60 ಜೀನ್‌ಗಳಿವೆ, ಒಂದು ಹೊತ್ತಿಗೆ ಒಂದನ್ನು ಬಳಸುತ್ತದೆ. ದೇಹ ಒಂದನ್ನು ಗುರುತಿಸುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಸಿಡುಬಿನ ಹಾಗೆ ಒಮ್ಮೆ ಬಂದು ಹೋದರೆ ಮುಗಿಯಿತು ಅನ್ನುವ ಜಾತಿ ಇದಲ್ಲ. ಅವನನ್ನು ರಾತ್ರಿಯೇ ಆಸ್ಪತ್ರೆಗೆ ಸೇರಿಸಿ ಎಂದು ಮೇಡಂ ಖುದ್ದು ಫೋನ್ ಮಾಡಿದರು.

ವಾಸಿಯಾದ ಮೇಲೂ ಅವನ ಕಾರ್ಡ್ ಪಾಸಿಟಿವ್ ತೋರಿಸಿತು. ನನಗೆ ಎದೆ ಧಸಕ್ಕೆಂದಿತು. ಫಾಲ್ಸಿಪಾರಮ್ ಬಿಟ್ಟುಹೋದ ಪ್ರೋಟೀನ್ ರಕ್ತದಲ್ಲಿ ವಾರಗಟ್ಟಲೆ ಉಳಿಯುತ್ತದೆ, ಕಾರ್ಡ್ ಅದನ್ನೇ ಹಿಡಿಯುತ್ತದೆ ಎಂದು ಮೇಡಂ ವಿವರಿಸಿದರು. ಲೇಪ ನೋಡಿದರು, ಏನೂ ಇರಲಿಲ್ಲ. ಅದನ್ನು ರಿಪೋರ್ಟಿನಲ್ಲೇ ಬರೆದುಕೊಟ್ಟರು. ಬರೀ ಕಾರ್ಡ್ ನೋಡಿದ್ದರೆ ಆ ಹುಡುಗ ಮತ್ತೊಂದು ಸುತ್ತು ಔಷಧಿ ನುಂಗಬೇಕಿತ್ತು.

ಕೊರತೆಗಳೂ ಇವೆ. ಜ್ವರದಲ್ಲಿ ಎರಡು ಮಹಡಿ ಹತ್ತುವುದು ಕಷ್ಟ. ಮಳೆಗಾಲದಲ್ಲಿ ಕೂರಲು ಜಾಗ ಸಿಗುವುದಿಲ್ಲ. ಭಾನುವಾರ ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತಾರೆ. ದುಡ್ಡಿಗೆ ತೊಂದರೆ ಇರುವವರಿಗೆ ಬಿಎಂಸಿ (ಮುಂಬೈ ಪಾಲಿಕೆ) ದವಾಖಾನೆಯಲ್ಲಿ ಮಲೇರಿಯಾ ಪರೀಕ್ಷೆ ಉಚಿತ ಎಂದು ಕೌಂಟರಿನವರೇ ಹೇಳಿಕಳಿಸುತ್ತಾರೆ.

ಸಂಜೆ 6ರೊಳಗೆ ರಕ್ತ ಕೊಟ್ಟರೆ ಅದೇ ರಾತ್ರಿ ರಿಪೋರ್ಟ್ ಸಿಗುತ್ತದೆ. ನಡುಕ ಶುರುವಾದಾಗಲೇ ಹೋಗಿ, ಮಾತ್ರೆ ತಿನ್ನುವ ಮೊದಲು ಹೋಗಿ. ಹಳೆ ರಿಪೋರ್ಟ್ ಇದ್ದರೆ ಜೊತೆಗೆ ಒಯ್ಯಿರಿ, ಮೇಡಂ ಕೇಳಿಯೇ ಕೇಳುತ್ತಾರೆ.