ಕೋಲ್ಚಿಸಿನ್ ಅಥವಾ ಪ್ಯಾಕ್ಲಿಟ್ಯಾಕ್ಸೆಲ್: ನಿಮ್ಮ ಪ್ರಯೋಗಕ್ಕೆ ಯಾವುದು?

ಪುಣೆಯ ಪ್ರಯೋಗಾಲಯಗಳಿಗೆ ಹೊಸದಾಗಿ ಬರುವ ನಮ್ಮ ಕನ್ನಡದ ವಿದ್ಯಾರ್ಥಿಗಳು ಕೋಶವಿಭಜನೆಯನ್ನು ತಡೆಯಲು ಕೋಲ್ಚಿಸಿನ್, ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಎರಡು ಸಸ್ಯಜನ್ಯ ರಾಸಾಯನಿಕಗಳಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಮಳೆಗಾಲದಲ್ಲಿ ಸಹ್ಯಾದ್ರಿಯ ಇಳಿಜಾರಿನಲ್ಲಿ ಎಲೆಯ ತುದಿಯನ್ನೇ ಕುಡಿಯಂತೆ ಸುರುಳಿಸಿ ಪೊದೆಯನ್ನು ಹಿಡಿದೇರುವ, ಕೆಂಪು-ಹಳದಿ ಎಸಳಿನ ಗೌರಿ ಹೂವಿನ ಬಳ್ಳಿಯ ಗಡ್ಡೆ ಮತ್ತು ಬೀಜಗಳಲ್ಲಿರುವ ಕೋಲ್ಚಿಸಿನ್, ಟ್ಯುಬುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು, ಕೋಶ ವಿಭಜನೆಯಾಗುವಾಗ ವರ್ಣತಂತುಗಳನ್ನು ಬೇರ್ಪಡಿಸಿ ಎಳೆಯುವ ಸೂಕ್ಷ್ಮನಳಿಕೆಗಳು ಕಟ್ಟಿಕೊಳ್ಳದಂತೆ ಮಾಡುತ್ತದೆ. ಪೆಸಿಫಿಕ್ ಯೂ ಮರದ ತೊಗಟೆಯಿಂದ ದೊರೆತ ಪ್ಯಾಕ್ಲಿಟ್ಯಾಕ್ಸೆಲ್ ಇದಕ್ಕೆ ತದ್ವಿರುದ್ಧವಾಗಿ, ಕಟ್ಟಿದ ನಳಿಕೆ ಬಿಚ್ಚದಂತೆ ಬಿಗಿಯುತ್ತದೆ. ಪ್ಯಾಕ್ಲಿಟ್ಯಾಕ್ಸೆಲಿನ ರಾಸಾಯನಿಕ ರಚನೆಯನ್ನು 1971ರಲ್ಲಿ ಪ್ರಕಟಿಸಿದವರಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಓದಿದ ರಸಾಯನಶಾಸ್ತ್ರಜ್ಞ ಮನ್ಸುಖ್ ವಾಣಿಯವರೂ ಇದ್ದರೆಂಬುದು ಹೆಮ್ಮೆಯ ಸಂಗತಿ. ವರ್ಣತಂತುಗಳನ್ನು ಎಣಿಸುವುದಷ್ಟೇ ಗುರಿಯಾಗಿದ್ದರೆ, ನೀರಿನಲ್ಲಿ ಸುಲಭವಾಗಿ ಕರಗುವ ಕೋಲ್ಚಿಸಿನ್ ಸಾಕು, ಆದರೆ ಬೆಳಕಿನಿಂದ ಕಾಪಾಡಬೇಕು. ಕ್ಯಾನ್ಸರ್ ಕೋಶಗಳ ಔಷಧ ನಿರೋಧಕತೆಯ ಅಧ್ಯಯನಕ್ಕೆ, ಡಿಎಂಎಸ್‌ಒ ಎಂಬ ಸಾವಯವ ದ್ರಾವಕದಲ್ಲಿ ಕರಗಿಸಬೇಕಾದರೂ, ಚಿಕಿತ್ಸೆಯಲ್ಲೇ ಬಳಕೆಯಲ್ಲಿರುವ ಪ್ಯಾಕ್ಲಿಟ್ಯಾಕ್ಸೆಲನ್ನೇ ಆರಿಸಿರೆಂದು ಹೇಳುವೆ. ಎರಡೂ ವಿಷಕಾರಿ, ಕೈಗವಸಿಲ್ಲದೆ ಮುಟ್ಟಬೇಡಿ.